ಸುಸ್ಥಿರತೆ: ಒಂದು ಪದ, ತಾಳವಾಡಿಯಲ್ಲಿ ಮೂರು ಅರ್ಥ

ಮುಂದಿನ ತಲೆಮಾರುಗಳ ಅಗತ್ಯಗಳಿಗೆ ಕುಂದು ಬಾರದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. 1987ರ ಬ್ರುಂಟ್‌ಲಾಂಡ್ ಆಯೋಗದ ವರದಿಯಿಂದ ಪ್ರಚಾರಕ್ಕೆ ಬಂದ ವ್ಯಾಖ್ಯೆಯಿದು. ಆದರೆ ಯಾರ ಅಗತ್ಯ, ಅದನ್ನು ನಿರ್ಧರಿಸುವವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ತಾಳವಾಡಿ ಬೆಟ್ಟಸೀಮೆಯ ವಿವಾದಗಳೆಲ್ಲ ಹುಟ್ಟುವುದು ಇಲ್ಲಿಯೇ.

ಅರಣ್ಯ ಇಲಾಖೆಗೆ ಸುಸ್ಥಿರತೆಯೆಂದರೆ ಕಾಡು ಮತ್ತು ವನ್ಯಜೀವಿಗಳ ಉಳಿವು. ಸತ್ಯಮಂಗಲ ಅರಣ್ಯವು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿಗಳ ಸಂಖ್ಯೆ ಇಮ್ಮಡಿಗೂ ಮೀರಿದ್ದಕ್ಕಾಗಿ 2022ರಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿಯೂ ಬಂದಿತು. ಇದು ಸಣ್ಣ ಸಾಧನೆಯಲ್ಲ.

ರೈತನಿಗೆ ಸುಸ್ಥಿರತೆಯೆಂದರೆ ಬೇಸಾಯದ ಉಳಿವು. ಆನೆಗಳಿಂದ ಕಬ್ಬು, ಬಾಳೆಗಳನ್ನು ಕಾಯಲು ಅವನು ರಾತ್ರಿಯಿಡೀ ಎಚ್ಚರವಿರಬೇಕು. ರಸ್ತೆಯಲ್ಲಿ ಪ್ರಾಣಿಗಳು ಸಾಯುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಲ್ಲಿ ದಿಂಬಂ ಘಾಟಿಯ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ, ತರಕಾರಿಯನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ತಲುಪಿಸುವುದು ಹೇಗೆಂದು ನಮ್ಮ ಜನ ಬೀದಿಗಿಳಿದರು.

ಸೋಲಿಗರ ದೃಷ್ಟಿಯಲ್ಲಿ ಕಾಡು ಬೇರೆ, ಬದುಕು ಬೇರೆಯಲ್ಲ. ಜೇನು, ನೆಲ್ಲಿಕಾಯಿಗಳನ್ನು ಮುಂದಿನ ವರ್ಷಕ್ಕೂ ಉಳಿಯುವಂತೆ ಸಂಗ್ರಹಿಸುವುದು ಅವರ ರೂಢಿ. ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿಯಿಡುವ ಪದ್ಧತಿ ನಿಂತುದರಿಂದಲೇ ಲಂಟಾನ ಹಬ್ಬಿತೆಂಬುದು ಅವರ ಹಿರಿಯರ ಅಭಿಮತ. ಇಲಾಖೆಯಾದರೋ ಬೆಂಕಿಯನ್ನೇ ಅಪಾಯವೆಂದು ಎಣಿಸುತ್ತದೆ.

ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಯಾವುದೊಂದೂ ಪೂರ್ಣವೂ ಅಲ್ಲ. ಇವುಗಳನ್ನು ಒಟ್ಟಿಗೆ ತೂಗಿ ನೋಡುವ ಸ್ಥಳವೊಂದು ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯು ಗ್ರಾಮಸಭೆಗೆ ಆ ಸ್ಥಾನವನ್ನು ನೀಡಿದೆ: ಹಕ್ಕನ್ನು ಕೇಳುವುದರ ಜೊತೆಗೆ ಕಾಡನ್ನೂ ವನ್ಯಜೀವಿಗಳನ್ನೂ ಕಾಯುವ ಅಧಿಕಾರವೂ ಅದಕ್ಕುಂಟು. ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ, ಅದು ಹುಲಿ ಸಂರಕ್ಷಿತ ಪ್ರದೇಶವಾಗಿದ್ದರೂ, 2011ರಲ್ಲಿ ಸೋಲಿಗರ ಸಮುದಾಯ ಹಕ್ಕುಗಳು ಮಾನ್ಯವಾದವು.

ಇಲ್ಲಿ ಭಾಷೆಯ ಪ್ರಶ್ನೆಯೂ ಸೇರುತ್ತದೆ. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸಿನಲ್ಲಿಯೇ ಉಳಿಯಿತು. ಇಂದಿಗೂ ಇಲ್ಲಿನ ಬಹುಜನರ ಮನೆಮಾತು ಕನ್ನಡ. ಆದುದರಿಂದ ಗ್ರಾಮಸಭೆಯ ಸೂಚನೆಗಳೂ ನಡಾವಳಿಗಳೂ ತಮಿಳಿನೊಡನೆ ಕನ್ನಡದಲ್ಲಿಯೂ ಇರಬೇಕೆಂದು ನಾವು ಕೇಳುತ್ತೇವೆ. ತನಗೆ ತಿಳಿಯದ ಭಾಷೆಯ ನಿರ್ಣಯಕ್ಕೆ ಹೆಬ್ಬೆಟ್ಟು ಒತ್ತಿದವನು ಅದನ್ನು ತನ್ನದೆಂದು ಕಾಯುವುದಿಲ್ಲ. ಜನರು ಕಾಯದ ಯಾವ ವ್ಯವಸ್ಥೆಯೂ ಬಹುಕಾಲ ಬಾಳುವುದಿಲ್ಲ.