ಸ್ಪ್ರೇ ಹೊಡೆದರೆ ಪ್ಲಾಸ್ಟಿಕ್ ಕ್ರೋಮ್ ಆಗುತ್ತದೆಯೇ? ಹೆಲ್ಮೆಟ್‌ಗೆ ಹೊಡೆಯುವ ಮುನ್ನ ಇದನ್ನು ಓದಿ

‘ಒಂದು ಸ್ಪ್ರೇ ಡಬ್ಬಿ ಸಾಕು, ಪ್ಲಾಸ್ಟಿಕ್ ಕನ್ನಡಿಯಂತೆ ಹೊಳೆಯುತ್ತದೆ’ ಎನ್ನುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಇದರಲ್ಲಿ ಎಷ್ಟು ನಿಜ? ನೋಡೋಣ.

ಅಸಲಿ ಕ್ರೋಮ್ ಹೇಗೆ ಬರುತ್ತದೆ?

ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಾಗಿ ಲೋಹಕ್ಕೆ ಮಾಡಿದಂತೆ ಅದಕ್ಕೆ ನೇರವಾಗಿ ಕ್ರೋಮ್ ಲೇಪಿಸಲು ಆಗದು. ಕಾರ್ಖಾನೆಯಲ್ಲಿ ಎಬಿಎಸ್ ಎಂಬ ಪ್ಲಾಸ್ಟಿಕ್ಕನ್ನು ಆಮ್ಲದ ದ್ರಾವಣದಲ್ಲಿ ಅದ್ದಿ, ಮೇಲ್ಮೈಯಲ್ಲಿ ಅತಿ ಸಣ್ಣ ಗುಳಿಗಳನ್ನು ಮೂಡಿಸುತ್ತಾರೆ. ಲೋಹ ಹಿಡಿದುಕೊಳ್ಳುವುದು ಈ ಗುಳಿಗಳಲ್ಲೇ. ಮೊದಲು ವಿದ್ಯುತ್ ಇಲ್ಲದೆ, ರಾಸಾಯನಿಕ ಕ್ರಿಯೆಯಿಂದ ನಿಕ್ಕಲ್ ಅಥವಾ ತಾಮ್ರದ ತೆಳು ಪದರ ಕೂರಿಸುತ್ತಾರೆ. ಆಮೇಲೆ ವಿದ್ಯುತ್ ಹಾಯಿಸಿ ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮಿಯಂ ಲೇಪಿಸುತ್ತಾರೆ. ಕ್ರೋಮಿಯಂ ಪದರ ಸಾಮಾನ್ಯವಾಗಿ 1 ಮೈಕ್ರಾನ್‌ಗಿಂತಲೂ ತೆಳು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಈ ಕೆಲಸದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆದ್ದರಿಂದ ಇದನ್ನು ಮನೆಯಲ್ಲಿ ಪ್ರಯತ್ನಿಸಲೇಬೇಡಿ.

ಸ್ಪ್ರೇ ಡಬ್ಬಿಯಲ್ಲಿ ಏನಿದೆ?

‘ಕ್ರೋಮ್’ ಎಂದು ಬರೆದಿದ್ದರೂ ಒಳಗಿರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂನ ಸಣ್ಣ ಚಕ್ಕೆಗಳು. ಚಕ್ಕೆಗಳು ಸಮತಟ್ಟಾಗಿ ಕೂತಷ್ಟೂ ಹೊಳಪು ಹೆಚ್ಚು. ಅದಕ್ಕೇ ಮೊದಲು ನಯವಾದ ಹೊಳಪಿನ ಕಪ್ಪು ಬಣ್ಣ ಹೊಡೆದು, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಸ್ಪ್ರೇ ಮಾಡುತ್ತಾರೆ. ಆ ಕ್ಷಣಕ್ಕೆ ಹೊಳಪು ಚೆನ್ನಾಗಿಯೇ ಇರುತ್ತದೆ. ಆದರೆ ರಕ್ಷಣೆಗೆಂದು ಮೇಲೆ ಸಾಮಾನ್ಯ ಕ್ಲಿಯರ್ ಕೋಟ್ ಹೊಡೆದರೆ ಅದು ಬೂದು ಬಣ್ಣಕ್ಕೆ ತಿರುಗಬಹುದು. ಹೊಡೆಯದಿದ್ದರೆ ಕೈ ತಾಗಿ ಸವೆಯುತ್ತದೆ. ವಿಡಿಯೊ ಸಾಮಾನ್ಯವಾಗಿ ಇದಕ್ಕೂ ಮೊದಲೇ ಮುಗಿದಿರುತ್ತದೆ!

ಫಾಯಿಲ್ ಆದರೆ?

ಅಡುಗೆಮನೆಯ ಫಾಯಿಲ್ ಬಾಗಿದ ಜಾಗದಲ್ಲಿ ಸುಕ್ಕಾಗುತ್ತದೆ. ಅಂಟು ಇರುವ ಕ್ರೋಮ್ ಫಿಲ್ಮ್ ಅನ್ನು ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ ಎಳೆದು ಅಂಟಿಸಬಹುದು. ಸಪಾಟಾದ ಭಾಗಗಳಿಗೆ ಇದೇ ಸುಲಭ. ಬೇಡವೆನಿಸಿದರೆ ಕಿತ್ತೂ ಹಾಕಬಹುದು.

ಹೆಲ್ಮೆಟ್‌ಗೆ ಮಾತ್ರ ಬೇಡ

ಅನೇಕ ಹೆಲ್ಮೆಟ್‌ಗಳ ಹೊರಚಿಪ್ಪು ಎಬಿಎಸ್ ಅಥವಾ ಪಾಲಿಕಾರ್ಬೊನೇಟ್‌ನದು. ಸ್ಪ್ರೇ ಪೇಂಟ್ ಮತ್ತು ಥಿನ್ನರ್‌ನಲ್ಲಿರುವ ದ್ರಾವಕಗಳು ಈ ಪ್ಲಾಸ್ಟಿಕ್ಕನ್ನು ದುರ್ಬಲಗೊಳಿಸಿ, ಕಣ್ಣಿಗೆ ಕಾಣದ ಬಿರುಕು ಮೂಡಿಸಬಲ್ಲವು. ಹೊರಗೆ ಫಳಫಳ ಎನ್ನುವ ಹೆಲ್ಮೆಟ್ ಬಿದ್ದಾಗ ತಲೆ ಕಾಯದೇ ಹೋಗಬಹುದು. ಸ್ಟಿಕ್ಕರ್, ಫಿಲ್ಮ್‌ಗಳ ಅಂಟಿನಿಂದಲೂ ಹಾನಿಯಾಗಬಹುದು. ಈಗಾಗಲೇ ಸ್ಪ್ರೇ ಹೊಡೆದಿದ್ದರೆ ಆ ಹೆಲ್ಮೆಟ್ ಬದಲಿಸುವುದೇ ಕ್ಷೇಮ.

ನಮ್ಮ ತೀರ್ಮಾನ: ಭಾಗಶಃ ನಿಜ. ಸ್ಪ್ರೇಯಿಂದ ಕ್ರೋಮ್‌ನ ನೋಟ ಬರುತ್ತದೆ, ಬಾಳಿಕೆ ಬರುವುದಿಲ್ಲ. ಅಲಂಕಾರದ ವಸ್ತುಗಳಿಗೆ ಅಡ್ಡಿಯಿಲ್ಲ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ನಿಂತು, ಮಾಸ್ಕ್ ಹಾಕಿಕೊಂಡು ಹೊಡೆಯಿರಿ. ಆ ವಿಡಿಯೊ ಫಾರ್ವರ್ಡ್ ಮಾಡುವುದಿದ್ದರೆ ಹೆಲ್ಮೆಟ್ ವಿಷಯವನ್ನೂ ಜೊತೆಗೇ ಕಳಿಸಿ.