ವಿಮಾನದೊಳಗೊಂದು ಬೀದಿ

ವಿಮಾನ ಮೇಲೇರಿ ಅರ್ಧ ಗಂಟೆಯಾಗಿತ್ತು. ಮೊಮ್ಮಗನಿಗೆ ಹಸಿವು. ಮಗಳು ರಾಗಿ ಗಂಜಿಯ ಸಿಪ್ಪರನ್ನು ನನ್ನ ಕೈಗಿಟ್ಟು, "ಅಪ್ಪಾ, ಇದರ ಮುಚ್ಚಳ ತೆಗೆದುಕೊಡಿ" ಎಂದಳು. ಸ್ಟ್ರಾ ಮೇಲಿನ ಮುಚ್ಚಳ ಎತ್ತಿದ್ದೇ ತಡ, ಗಂಜಿ ಕಾರಂಜಿಯ ಹಾಗೆ ಚಿಮ್ಮಿ ನನ್ನ ಬಿಳಿ ಶರ್ಟಿನ ಮೇಲೂ ಪಕ್ಕದವರು ಬಿಡಿಸಿಕೊಂಡಿದ್ದ ಪತ್ರಿಕೆಯ ಮೇಲೂ ಬಿತ್ತು. ಹತ್ತೊಂಬತ್ತು ತಿಂಗಳ ಹುಡುಗ ಕೇಕೆ ಹಾಕಿ ನಕ್ಕ. ಸಿಪ್ಪರ್ ತೋರಿಸಿ "ಇನ್ನೂ" ಅಂದ. ಮೂವತ್ತು ವರ್ಷ ಮಕ್ಕಳಿಗೆ ಬಾಯ್ಲ್‌ನ ನಿಯಮ ಪಾಠ ಮಾಡಿದ ನನಗೆ ಆ ನಿಯಮ ನೆನಪಾದದ್ದು ಮೈಮೇಲೆ ಬಿದ್ದ ನಂತರ.

ನಡೆದದ್ದು ಇಷ್ಟೇ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು. 35,000 ಅಡಿ ಮೇಲೆ ಹೊರಗಿನ ಒತ್ತಡ ಅದರ ಕಾಲು ಭಾಗಕ್ಕೆ ಇಳಿದಿರುತ್ತದೆ. ಹಾಗಾಗಿ ಹೆಚ್ಚಿನ ವಿಮಾನಗಳಲ್ಲಿ ಎಂಜಿನ್ನು ಹೀರಿ ಒತ್ತಿದ ಗಾಳಿಯಲ್ಲಿ ಒಂದು ಪಾಲನ್ನು ಕದ್ದು, ತಣಿಸಿ, ನಾವು ಕೂತ ಕಡೆಗೆ ತುಂಬುತ್ತಾರೆ. ಹಿಂಬದಿಯ ಕವಾಟವೊಂದು ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹೊರಗೆ ಬಿಡುತ್ತದೆ. ನೆಲದ ಮೇಲಿನ ಒತ್ತಡವನ್ನೇ ಒಳಗೆ ಇಟ್ಟುಕೊಳ್ಳೋಣವೆಂದರೆ ವಿಮಾನದ ಒಡಲು ಇನ್ನೂ ದಪ್ಪ, ಇನ್ನೂ ಭಾರ ಆಗಬೇಕು. ಆದ್ದರಿಂದ ಒಂದು ರಾಜಿ: ಒಳಗಿನ ಗಾಳಿ ಹೆಚ್ಚೆಂದರೆ 8,000 ಅಡಿ, ಅಂದರೆ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಿರಬಹುದು. ಊಟಿ ಪೇಟೆಗಿಂತ ಮೇಲೆ, ದೊಡ್ಡಬೆಟ್ಟದ ತುದಿಗಿಂತ ಕೆಳಗೆ ಎಲ್ಲೋ ಕೂತಂತೆ. ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಇದು 6,000 ಅಡಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಕೆಳಗೆ.

ಸಿಪ್ಪರಿಗೆ ಇದೆಲ್ಲ ಎಲ್ಲಿ ಗೊತ್ತು? ಅದರೊಳಗೆ ಬೆಂಗಳೂರಿನ ಗಾಳಿಯೇ ಬಿಗಿಯಾಗಿ ಕೂತಿತ್ತು. 250 ಮಿಲಿಲೀಟರಿನ ಸಿಪ್ಪರಿನಲ್ಲಿ ಅರ್ಧ ಗಂಜಿ, ಅರ್ಧ ಗಾಳಿ ಎಂದುಕೊಳ್ಳಿ. 8,000 ಅಡಿಯ ಒತ್ತಡದಲ್ಲಿ ಆ ಗಾಳಿ ಐದನೇ ಒಂದು ಪಾಲಿನಷ್ಟು ಹಿಗ್ಗಬೇಕು. ಮೇಲೆ ಜಾಗವಿಲ್ಲ, ಸ್ಟ್ರಾ ತಳದವರೆಗೆ ಇಳಿದಿದೆ. ಗಾಳಿ ಗಂಜಿಯನ್ನು ಒತ್ತುತ್ತದೆ, ಐದು ಚಮಚದಷ್ಟು ಗಂಜಿ ಸ್ಟ್ರಾದೊಳಗಿಂದ ಎದ್ದು ಬರುತ್ತದೆ. ಅಂಚಿನವರೆಗೆ ತುಂಬಿದ ಸಿಪ್ಪರ್ ಇಷ್ಟು ರಂಪ ಮಾಡುವುದಿಲ್ಲ, ಹಿಗ್ಗಲು ಅದರಲ್ಲಿ ಗಾಳಿಯೇ ಇರುವುದಿಲ್ಲ. ಅರ್ಧ ತುಂಬಿದ್ದೇ ಅಪಾಯಕಾರಿ. ಕುಡಿಸುವ ಮುಂಚೆ ಮೇಲಿನ ತಿರುಪನ್ನು ಒಮ್ಮೆ ಸಡಿಲಿಸಿದರೆ 'ಪುಸ್' ಎಂದು ಗಾಳಿ ಹೋಗಿ ಗಲಾಟೆ ಮುಗಿಯುತ್ತದೆ. ಇದನ್ನು ನಾನು ಎರಡನೇ ವಿಮಾನದ ಹೊತ್ತಿಗೆ ಕಲಿತೆ, ಎರಡನೇ ಶರ್ಟು ಉಳಿಯಿತು.

ಆದರೆ ಗಂಜಿಯ ಕಾರಂಜಿಗಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಹುಡುಗನ ಆ "ಇನ್ನೂ".

ಅದಕ್ಕೆ ಹಿಂದಿನ ಎರಡು ತಿಂಗಳು, ಕ್ಯಾಲಿಫೋರ್ನಿಯದಿಂದ ಬಂದ ತಾಯಿ-ಮಗ ಬೆಂಗಳೂರಿನ ಗೋವಿಂದರಾಜನಗರದ ನಮ್ಮ ಮನೆಯಲ್ಲಿದ್ದರು. ಅಷ್ಟು ದಿನದಲ್ಲಿ ಇವನಿಗೆ ಬೇಜಾರಾಯಿತು ಎಂದು ನಾನು ಒಮ್ಮೆಯೂ ಕಂಡಿಲ್ಲ. ಅದಕ್ಕೆ ನಾವು ಮಾಡಿದ್ದೂ ಏನಿಲ್ಲ, ಎಲ್ಲ ಬೀದಿಯೇ ನೋಡಿಕೊಳ್ಳುತ್ತಿತ್ತು. ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಆಟೊ. ಅದು ತಿರುವು ದಾಟುವಷ್ಟರಲ್ಲಿ ಸೊಪ್ಪಿನವಳ ಕೂಗು. ಆಮೇಲೆ ನೀರಿನ ಟ್ಯಾಂಕರ್, ಎದುರು ಮನೆಯ ನಾಯಿ, ಒಂದು ದಿನ ಗಂಟೆ ಅಲ್ಲಾಡಿಸುತ್ತಾ ಬಂದ ಕೋಲೆ ಬಸವ. ಮಧ್ಯಾಹ್ನ ಮೂರೂವರೆಗೆ ನಿದ್ದೆಯಿಂದ ಎದ್ದು ಒಂದು ಬಟ್ಟಲು ಪುರಿ. ಪುರಿ ಮುಗಿದ ಮೇಲೆ ತಾತನ ಹೆಗಲೇರಿ ಮಹಡಿಗೆ, ಮೆಟ್ರೊ ನೋಡಲು. ಮಾಗಡಿ ರಸ್ತೆಯಿಂದ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆಯ ಮೇಲೆ ಹಾಯ್ದು ಮೈಸೂರು ರಸ್ತೆಗೆ ಹೋಗುವ ನೇರಳೆ ಮಾರ್ಗದ ಆ ಭಾಗ ಶುರುವಾದದ್ದು 2015ರ ನವೆಂಬರಿನಲ್ಲಿ. ಇವನ ಲೆಕ್ಕದಲ್ಲಿ ಅದನ್ನು ಕಟ್ಟಿದ್ದೇ ಇವನಿಗೋಸ್ಕರ. ಕೆಲವು ನಿಮಿಷಕ್ಕೊಂದು ರೈಲು, ಪ್ರತಿ ರೈಲಿಗೂ ಅದೇ ಬೆರಗು.

ಈ ಬೆರಗಿನ ಲೆಕ್ಕವನ್ನು ವಿಜ್ಞಾನಿಗಳೂ ಇಟ್ಟಿದ್ದಾರೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಫ್ಯಾಂಟ್ಜ್ 1964ರಲ್ಲಿ ಹಸುಗೂಸುಗಳ ಮುಂದೆ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು, ಅವು ಯಾವುದನ್ನು ಎಷ್ಟು ಹೊತ್ತು ನೋಡುತ್ತವೆ ಎಂದು ಅಳೆದರು. ಒಂದು ಪ್ರತಿ ಸಲವೂ ಅದೇ ಚಿತ್ರ, ಇನ್ನೊಂದು ಪ್ರತಿ ಸಲ ಬೇರೆ. ಎರಡು ತಿಂಗಳು ದಾಟಿದ ಮಕ್ಕಳು ಹಳೆಯದರಿಂದ ಮೆಲ್ಲಗೆ ಕಣ್ಣು ಕಿತ್ತು ಹೊಸದರ ಕಡೆಗೆ ವಾಲಿದವು. ಮಗು ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕುವುದನ್ನು ನಾವು ಚಂಚಲತೆ ಎನ್ನುತ್ತೇವೆ. ಒಂದನ್ನು ತಿಳಿದು ಮುಗಿಸಿದ ಮೇಲೆ ಮುಂದಿನದಕ್ಕೆ ಹೋಗುವುದು ಅದು. ಬೀದಿ ಆ ಮುಂದಿನದನ್ನು ತಾನೇ ಕಳಿಸಿಕೊಡುತ್ತದೆ. ವಿಮಾನದಲ್ಲಿ ಕಿಟಕಿಯಾಚೆ ಹತ್ತು ಗಂಟೆ ಒಂದೇ ಬಿಳಿ.

ಜೊತೆಗೆ ಕಾಲು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಆಡಲು ಬಿಟ್ಟು ಹೆಜ್ಜೆ ಎಣಿಸಿದರು. 2012ರಲ್ಲಿ ಪ್ರಕಟವಾದ ಅವರ ಲೆಕ್ಕ: ಗಂಟೆಗೆ ಸರಾಸರಿ 2,368 ಹೆಜ್ಜೆ, 701 ಮೀಟರ್ ನಡಿಗೆ, 17 ಸಲ ಬೀಳುವುದು. ಗಂಟೆಗೆ ಹದಿನೇಳು ಸಲ ಬಿದ್ದರೆ ನಮ್ಮಂಥವರು ಮಾರನೆಯ ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಇಷ್ಟು ನಡೆಯುವ ಜೀವಿಗೆ ವಿಮಾನ ಕೊಡುವ ಜಾಗ ಎಷ್ಟು? ಸಾಮಾನ್ಯ ದರ್ಜೆಯಲ್ಲಿ ಮುಂದಿನ ಸೀಟಿಗೂ ನಮ್ಮ ಸೀಟಿಗೂ ನಡುವಿನ ಅಂತರ 79 ಸೆಂಟಿಮೀಟರ್ ಸುಮಾರು. ಎರಡು ವರ್ಷ ತುಂಬದ ಮಗುವಿಗಾದರೆ ಅದೂ ಇಲ್ಲ, ತೊಡೆಯೇ ಸೀಟು.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾದ ಬೋಯಿಂಗ್ 777ನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾಯಿಸಿ ಬೆಂಗಳೂರಿಗೆ ತಂದಿಳಿಸಿದಾಗ, ಸುಮಾರು 14,000 ಕಿಲೋಮೀಟರ್ ದಾರಿಗೆ ಹಿಡಿದದ್ದು 17 ಗಂಟೆ. ಪತ್ರಿಕೆಗಳಲ್ಲಿ ಆ ಚಿತ್ರ ನೋಡಿ ನಾನು ಹೆಮ್ಮೆಪಟ್ಟವನೇ. ಈಗ ಅದೇ ಸಂಖ್ಯೆ ಓದಿದರೆ ಮೊದಲು ತಲೆಗೆ ಬರುವುದು, 17 ಗಂಟೆಗೆ 2,368ರ ಗುಣಾಕಾರ. ನಮ್ಮದು ಅಷ್ಟುದ್ದದ್ದಲ್ಲ. ನಡುವೆ ಯುರೋಪಿನಲ್ಲಿ ಇಳಿದು ಹತ್ತುವ ಎರಡು ತುಂಡು.

ಹೊರಡುವ ಮುಂಚೆ ಮಗಳು ಒಂದು ಚೀಲದ ತುಂಬ ಆಟಿಕೆ ಜೋಡಿಸಿದ್ದಳು. ನಾನು ಮುಕ್ಕಾಲು ಪಾಲು ಹೊರಗೆ ತೆಗೆದಿಟ್ಟೆ. ಓಹಿಯೊ ರಾಜ್ಯದ ಟೊಲೀಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳಿಗೆ ಒಮ್ಮೆ 16, ಇನ್ನೊಮ್ಮೆ 4 ಆಟಿಕೆ ಕೊಟ್ಟು ನೋಡಿ, ನಾಲ್ಕೇ ಇದ್ದಾಗ ಮಗು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿತು ಎಂದು 2018ರಲ್ಲಿ ಬರೆದಿದ್ದರು. ಬೀದಿಯೂ ಹಾಗೆಯೇ ಅಲ್ಲವೆ? ಕಸದ ಆಟೊ, ಸೊಪ್ಪಿನವಳು, ಬಸವ ಒಟ್ಟಿಗೆ ಬಂದಿದ್ದರೆ ಮಗು ಬೆದರಿ ಒಳಗೆ ಓಡುತ್ತಿತ್ತು. ಅವು ಸರದಿಯಲ್ಲಿ ಬರುತ್ತವೆ. ಹಾಗಾಗಿ ಉಳಿದ ನಾಲ್ಕೈದನ್ನು ಹಳೆ ಪತ್ರಿಕೆಯಲ್ಲಿ ದಿನಸಿ ಅಂಗಡಿಯ ಪೊಟ್ಟಣದಂತೆ ಕಟ್ಟಿ ದಾರ ಸುತ್ತಿದೆ. ಚನ್ನಪಟ್ಟಣದ ಮರದ ಬುಗುರಿ ಒಂದು, ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳು, ಒಂದು ಹಳೆ ಬೀಗ, ಪುರಿಯ ಡಬ್ಬಿ. ಗಂಟೆಗೊಂದು ಪೊಟ್ಟಣ, ಅದಕ್ಕಿಂತ ಬೇಗ ಇಲ್ಲ. ದಾರ ಬಿಚ್ಚುವುದಕ್ಕೇ ಹತ್ತು ನಿಮಿಷ ಹೋಗುತ್ತಿತ್ತು, ಒಳಗಿನ ಸಾಮಾನಿಗಿಂತ ಕೆಲವೊಮ್ಮೆ ಕಾಗದವೇ ಹೆಚ್ಚು ಬಾಳಿತು.

ಎಲ್ಲಕ್ಕಿಂತ ದೊಡ್ಡ ಯಶಸ್ಸು ಮಾತ್ರ ಹತ್ತಿರದ ಫ್ಯಾನ್ಸಿ ಸ್ಟೋರಿನಿಂದ ತಂದ ಒಂದು ಹಾಳೆ ಬಿಂದಿ. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಚಿಕ್ಕದನ್ನು ಹಿಡಿಯುವುದು ಮಗುವಿಗೆ ಆಗಲೇ ಕೈಗೆ ಬಂದ ವಿದ್ಯೆ. ಒಂದೊಂದೇ ಬಿಂದಿ ಕಿತ್ತು ಮುಂದಿನ ಮಡಚು ಮೇಜಿಗೆ, ಅಮ್ಮನ ಮೂಗಿಗೆ, ಕೊನೆಗೆ ನನ್ನ ಬೋಳುತಲೆಗೆ ಅಂಟಿಸುತ್ತಾ ಒಂದು ಗಂಟೆ ಕಳೆದ. ಊಟ ಕೊಡಲು ಬಂದ ಗಗನಸಖಿ ನನ್ನ ತಲೆ ನೋಡಿ ಏನೂ ಆಗದವರಂತೆ ತಟ್ಟೆ ಇಟ್ಟು ಹೋದರು. (ಬಿಂದಿ ಬಾಯಿಗೆ ಹೋಗದಂತೆ ಕಣ್ಣಿಟ್ಟಿರಬೇಕು. ಪುರಿಯಲ್ಲಿದ್ದ ಕಡ್ಲೆ, ಕಡ್ಲೆಬೀಜವನ್ನೆಲ್ಲ ಮನೆಯಲ್ಲೇ ಆರಿಸಿ ತೆಗೆದಿದ್ದೆವು. ಈ ವಯಸ್ಸಿನಲ್ಲಿ ಅವು ಉಸಿರುನಾಳಕ್ಕೆ ಇಳಿದರೆ ಪ್ರಾಣಕ್ಕೆ ಬರುತ್ತದೆ.)

ಆಮೇಲೆ ಚಮಚ ಬೀಳಿಸುವ ಆಟ. ಎತ್ತಿಕೊಟ್ಟಷ್ಟೂ ಬೀಳಿಸುವುದು. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ತನ್ನ ಮಕ್ಕಳನ್ನೇ ಕೂತು ಗಮನಿಸಿ, ಇದು ತುಂಟತನವಲ್ಲ, ಬೇರೆ ಬೇರೆ ಎತ್ತರದಿಂದ, ಬೇರೆ ಬೇರೆ ಬಗೆಯಲ್ಲಿ ಬಿಟ್ಟು ಏನಾಗುತ್ತದೆಂದು ನೋಡುವ ಪರೀಕ್ಷೆ ಎಂದು 1930ರ ದಶಕದಲ್ಲೇ ಬರೆದಿದ್ದಾರೆ. ಒಪ್ಪುತ್ತೇನೆ. ಆದರೆ ಪಿಯಾಜೆಯ ಮಕ್ಕಳು ಚಮಚ ಬೀಳಿಸಿದಾಗ ಅದು ಮುಂದಿನ ಸಾಲಿನವರ ಶೂ ಒಳಗೆ ಹೋಗಿರಲಿಕ್ಕಿಲ್ಲ. ಚಮಚದ ಕೊರಳಿಗೆ ಪೊಟ್ಟಣದ ದಾರವನ್ನೇ ಗಿಡ್ಡವಾಗಿ ಕಟ್ಟಿ ಅದರ ತುದಿ ನನ್ನ ಬೆರಳಿಗೆ ಸುತ್ತಿಕೊಂಡೆ. ಪರೀಕ್ಷೆ ನಡೆಯಿತು, ನನ್ನ ಸೊಂಟ ಉಳಿಯಿತು.

ಸುತ್ತಲಿನ ಯಂತ್ರವೇ ಒಂದು ಬೀದಿ ಎನ್ನುವುದು ಆ ಹೊತ್ತಿಗೆ ನನಗೆ ಹೊಳೆದಿತ್ತು. ಬೆಲ್ಟಿನ ಕೊಕ್ಕೆಯ 'ಕ್ಲಿಕ್' ಒಂದು. ಕಿಟಕಿ ಇನ್ನೊಂದು. ಬಗ್ಗಿ ನೋಡಿದರೆ ಗಾಜಿನ ಕೆಳಭಾಗದಲ್ಲಿ ಸೂಜಿ ಚುಚ್ಚಿದಷ್ಟು ತೂತು ಕಾಣುತ್ತದೆ. ವಿಮಾನದ ಕಿಟಕಿಗೆ ಮೂರು ಪದರ. ಒಳಗಿನದು ನಮ್ಮ ಕೈ ತಾಗದಿರಲು. ನಡುವಿನದರಲ್ಲಿ ಈ ತೂತು, ಅದರ ಮೂಲಕ ಒಳಗಿನ ಒತ್ತಡ ಹೊರಗಿನ ಗಾಜಿನ ತನಕ ಹೋಗುತ್ತದೆ. ಭಾರವೆಲ್ಲ ಹೊರಗಿನ ಗಾಜಿನದು, ನಡುವಿನದು ಆಪತ್ತಿಗೆ. ಹೊರಗೆ ಸೊನ್ನೆಗಿಂತ 50 ಡಿಗ್ರಿ ಕೆಳಗೆ. ತೂತಿನ ಸುತ್ತ ನಮ್ಮ ಉಸಿರಿನ ತೇವ ಹೆಪ್ಪುಗಟ್ಟಿ ಸಣ್ಣ ಹಿಮದ ಹೂ ಬಿಡುತ್ತದೆ. ಹುಡುಗ ಅದರ ಮೇಲೆ ಬೆರಳಿಟ್ಟು, ಒದ್ದೆಯಾಗಲಿಲ್ಲವೆಂದು ಬೆರಳನ್ನೇ ತಿರುಗಿಸಿ ನೋಡಿಕೊಂಡ.

ಶೌಚಾಲಯ ಮಾತ್ರ ಕೈಕೊಟ್ಟಿತು. ಮನೆಯಲ್ಲಿ ನೀರು ಸುರಿದಂತೆ ಇಲ್ಲಿ ನೀರು ಕೆಲಸ ಮಾಡುವುದಿಲ್ಲ. ಗುಂಡಿ ಒತ್ತಿದಾಗ ಕವಾಟ ತೆರೆದು, ಒಳಗಿನ ಹೆಚ್ಚು ಒತ್ತಡದ ಗಾಳಿ ಕಡಿಮೆ ಒತ್ತಡದ ತೊಟ್ಟಿಯ ಕಡೆಗೆ ಎಲ್ಲವನ್ನೂ ಸೆಳೆದುಕೊಂಡು ನುಗ್ಗುತ್ತದೆ. ಆ ಸಿಡಿಲಿನಂಥ ಸದ್ದಿಗೆ ಹುಡುಗ ನನ್ನ ಕುತ್ತಿಗೆ ಕಚ್ಚಿ ಹಿಡಿದ. ಮಗುವನ್ನು ಮೊದಲು ಹೊರಗೆ ಕಳಿಸಿ ಆಮೇಲೆ ಮುಚ್ಚಳ ಹಾಕಿ ಗುಂಡಿ ಒತ್ತಬೇಕು. ಇದನ್ನು ಯಾರೂ ಹೇಳುವುದಿಲ್ಲ.

ಕಾಲಿಗಾಗಿ ಓಣಿ. ಊಟದ ಗಾಡಿ ಇಲ್ಲದಾಗ, ಬೆಲ್ಟಿನ ದೀಪ ಆರಿದಾಗ, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ. ಅವನಿಗೆ ಪ್ರತಿ ಸಾಲೂ ಒಂದು ಮನೆ, ಪ್ರತಿ ಮನೆಯಲ್ಲೂ ಒಂದು ಮುಖ. ಹದಿನೆಂಟನೇ ಸಾಲಿನ ಹುಬ್ಬಳ್ಳಿಯ ಅಜ್ಜಿಯೊಬ್ಬರು "ಬಾರಪಾ ಇಲ್ಲೆ" ಎಂದು ಪ್ರತಿ ಸಲ ಕರೆಯುತ್ತಿದ್ದರು, ಇವನು ಪ್ರತಿ ಸಲ ಒಂದು ಪುರಿ ಒಪ್ಪಿಸಿ ಬರುತ್ತಿದ್ದ. ಹೊರಟಾಗ ಎಲ್ಲಿ ಗಲಾಟೆ ಮಾಡುತ್ತಾನೋ ಎಂದು ನಮ್ಮತ್ತ ಗಾಬರಿಯ ನೋಟ ಬೀರಿದವರೇ ಆರನೇ ಗಂಟೆಗೆ ಅವನಿಗಾಗಿ ಕಾಲು ಒಳಗೆಳೆದುಕೊಂಡು ದಾರಿ ಬಿಡುತ್ತಿದ್ದರು.

ಪರದೆಯ ವಿಷಯ. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಒಂದು ವರ್ಷದ ಮಗುವಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹತ್ತನೇ ಗಂಟೆಯಲ್ಲಿ ಮಗಳು ಫೋನು ಕೊಟ್ಟಳು, ನಾನು ಕಿಟಕಿ ನೋಡುತ್ತಾ ಕೂತೆ. ಅಷ್ಟಕ್ಕೆ ಯಾರೂ ಕೆಡುವುದಿಲ್ಲ. ಆದರೆ "ಸ್ವಲ್ಪ ನೆಗಡಿಯ ಸಿರಪ್ ಹಾಕಿಬಿಡಿ, ಮಲಗುತ್ತದೆ" ಎಂದು ಹೊರಡುವಾಗ ಬಂಧುಗಳು ಕೊಟ್ಟ ಸಲಹೆಗೆ ನನ್ನ ವಿರೋಧವಿದೆ. ಆ ಔಷಧ ಇಷ್ಟು ಚಿಕ್ಕ ಮಕ್ಕಳ ಉಸಿರಾಟವನ್ನು ಕುಗ್ಗಿಸಬಲ್ಲದು. ಕೆಲವು ಮಕ್ಕಳಿಗೆ ತದ್ವಿರುದ್ಧವಾಗಿ ನಿದ್ದೆ ಹಾರಿ ಮೈಮೇಲೆ ಬಂದಂತಾಗುತ್ತದೆ.

ಇಳಿಯುವ ಹೊತ್ತಿಗೆ ಸರಿಯಾಗಿ ನಮ್ಮವನು ನಿದ್ದೆ ಹೋದ. ಎಬ್ಬಿಸಲು ಮನಸ್ಸು ಬರಲಿಲ್ಲ, ಆದರೂ ಎಬ್ಬಿಸಿದೆವು. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅಲ್ಲಿಂದ ಗಂಟಲಿನ ಹಿಂಬದಿಗೆ ಒಂದು ಸಣ್ಣ ಕೊಳವೆ, ಯುಸ್ಟೇಷಿಯನ್ ನಾಳ. ಏರುವಾಗ ಕೋಣೆಯ ಗಾಳಿ ಹಿಗ್ಗಿ ತಾನಾಗಿ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಏರುತ್ತಾ ಹೋಗಿ ನಾಳದ ಬಾಯನ್ನೇ ಒತ್ತಿ ಮುಚ್ಚುತ್ತದೆ, ತಮಟೆ ಒಳಕ್ಕೆ ಬಾಗಿ ನೋಯುತ್ತದೆ. ನುಂಗಿದಾಗ ಅಂಗಳಿನ ಸ್ನಾಯುವೊಂದು ನಾಳವನ್ನು ಎಳೆದು ತೆರೆಯುತ್ತದೆ. ದೊಡ್ಡವರ ನಾಳ ಓರೆಯಾಗಿ ಇಳಿದಿದ್ದರೆ ಮಕ್ಕಳದು ಅರ್ಧದಷ್ಟೇ ಉದ್ದ, ಹೆಚ್ಚುಕಡಿಮೆ ಅಡ್ಡ, ನೆಗಡಿಯಿದ್ದರೆ ಬೇಗ ಕಟ್ಟುತ್ತದೆ. ಮಲಗಿದ ಮಗು ನುಂಗುವುದೂ ಕಡಿಮೆ. ಇಳಿಯುವ ಅರ್ಧ ಗಂಟೆಯೇ ಅಳುವಿನ ಹೊತ್ತಾಗುವುದು ಹೀಗೆ.

ಇದರಲ್ಲಿ ನಮ್ಮ ಊರಿನವರಿಗೊಂದು ಸಣ್ಣ ಲಾಭವಿದೆ. ಒಳಗೆ 8,000 ಅಡಿಯ ಗಾಳಿಯಿದ್ದರೆ, ಬೆಂಗಳೂರಿಗೆ ಇಳಿಯುವಾಗ ಕಿವಿ ದಾಟಬೇಕಾದ ವ್ಯತ್ಯಾಸ 160 ಹೆಕ್ಟೊಪಾಸ್ಕಲ್ ಒಳಗೆ. ಸಮುದ್ರದಂಚಿನ ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿಯುವಾಗ ಅದು 260. ಅಮೆರಿಕದಿಂದ ಬರುವಾಗ ಮಗು ಅಳಲೇ ಇಲ್ಲ, ಅಜ್ಜಿ ಮನೆ ಎಂದು ಅದಕ್ಕೆ ಗೊತ್ತಾಯಿತು ಎಂದು ನನ್ನ ಹೆಂಡತಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ನಾನು ಈ ಲೆಕ್ಕವನ್ನು ಅವಳ ಮುಂದೆ ಎತ್ತಿಲ್ಲ.

ಉಳಿದ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸುತ್ತಾ ಇಳಿದೆವು. ಸ್ವಲ್ಪ ಅತ್ತ. ಅಳುವಾಗಲೂ ನಾಳ ಒಮ್ಮೊಮ್ಮೆ ತೆರೆದುಕೊಳ್ಳುತ್ತದೆ, ಅಷ್ಟರಮಟ್ಟಿಗೆ ಅದೂ ಔಷಧವೇ.

ಮಗಳ ಮನೆ ತಲುಪಿ ಎಲ್ಲರೂ ಹೆಣದಂತೆ ಮಲಗಿದೆವು. ಯಾರೋ ನನ್ನ ಕಣ್ಣುರೆಪ್ಪೆ ಎತ್ತಿ ನೋಡುತ್ತಿದ್ದಾರೆ ಅನ್ನಿಸಿ ಎಚ್ಚರವಾಯಿತು. ಗಡಿಯಾರದಲ್ಲಿ ರಾತ್ರಿ ಎರಡು. ಜನವರಿಯಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಿದುಳಿನ ತಳದಲ್ಲಿ ಕಣ್ಣಿನ ನರಗಳು ದಾಟುವ ಜಾಗದ ಮೇಲೆ ಕೂತಿರುವ ಪುಟ್ಟ ಗಡಿಯಾರವನ್ನು ಹಗಲಿನ ಬೆಳಕು ದಿನಕ್ಕೆ ಒಂದೊಂದೇ ಗಂಟೆ ಸರಿಸಿ ಹೊಂದಿಸಬೇಕು. ಅಲ್ಲಿಯವರೆಗೆ ಅವನ ಪಾಲಿಗೆ ಅದು ಗೋವಿಂದರಾಜನಗರದ ಮಧ್ಯಾಹ್ನ ಮೂರೂವರೆ. ಕೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದ. ಡಬ್ಬಿಯ ತಳದಲ್ಲಿ ಒಂದು ಹಿಡಿ ಪುರಿ ಉಳಿದಿತ್ತು, ಹಾಕಿಕೊಟ್ಟೆ. ತಿಂದು ಮುಗಿಸಿ, ಬಟ್ಟಲು ಕೆಳಗಿಟ್ಟು, ಹೆಗಲೇರಲು ಎರಡೂ ಕೈ ಮೇಲೆತ್ತಿ, "ಮೆತ್ತೋ" ಅಂದ.