ಸೋಮ ಕುಣಿದರೇ ಬಣ್ಣಕ್ಕೆ ಜೀವ

ಶಿವರಾತ್ರಿ ಕಳೆದು ಯುಗಾದಿ ಮುಗಿಯಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದ ಊರುಗಳಲ್ಲಿ ಗ್ರಾಮದೇವತೆಗಳ ಜಾತ್ರೆ ಸಾಲುಗಟ್ಟುತ್ತವೆ. ಅಮ್ಮ ಅಡ್ಡೆ ಏರಿ ಹೊರಡುತ್ತಾಳೆ. ಹೊತ್ತವರ ಹೆಜ್ಜೆಗೆ ತಕ್ಕಂತೆ ನೆರಿಗೆ ಹಿಡಿದು ಉಡಿಸಿದ ಸೀರೆಗಳು ತೊನೆಯುತ್ತವೆ. ಅವಳ ಮುಂದೆ ಕುಣಿಯುತ್ತ ಬರುವವನೇ ಸೋಮ. ದೇವಿಯ ಬಂಟ, ಊರ ಕಾವಲುಗಾರ.

ಸೋಮನ ಕುಣಿತ ತುಮಕೂರು, ಹಾಸನ, ಮಂಡ್ಯ ಜಿಲ್ಲೆಗಳಲ್ಲೆಲ್ಲ ಇದೆ. ಹೆಚ್ಚಾಗಿ ಗಂಗೆಮತಸ್ಥರು ನಡೆಸಿಕೊಂಡು ಬಂದ ಸೇವೆ ಇದು. ಭೂತಾಳೆ ಮರದಲ್ಲಿ ಕೆತ್ತಿದ ಮುಖ, ಉಬ್ಬಿದ ಕಣ್ಣು, ಹುರಿಮೀಸೆ, ಕೈಯಲ್ಲಿ ಬೆತ್ತ ಇಲ್ಲವೇ ಕತ್ತಿ. ಮುಖದ ಮಾದರಿ ಊರಿಂದೂರಿಗೆ ಬೇರೆ. ಬಣ್ಣ ಮಾತ್ರ ಸ್ವಭಾವ ಹೇಳುತ್ತದೆ: ಕೆಂಪು ಸೋಮ ಸೌಮ್ಯ, ಹಳದಿ ಅಥವಾ ಕಪ್ಪಿನವನು ಉಗ್ರ. ಕೆಂಪೆಂದರೆ ಕೋಪ ಅಂದುಕೊಂಡವರ ಲೆಕ್ಕ ಇಲ್ಲಿ ತಲೆಕೆಳಗು!

ದೂಣು, ಮೌರಿ, ಸದ್ದೆಗಳ ನಾದಕ್ಕೆ ಸೋಮ ಮೈ ತಿರುಗಿಸಿದಾಗ ಮುಖದ ಸುತ್ತ ಕಟ್ಟಿದ ನವಿಲುಗರಿಯನ್ನು ಗಮನಿಸಬೇಕು. ಆ ನೀಲಿ-ಹಸಿರು ಗರಿಗೆ ಅಂಟಿದ ಬಣ್ಣವಲ್ಲ. ಎಳೆಗಳ ಅತಿಸೂಕ್ಷ್ಮ ರಚನೆಗೆ ತಾಗಿ ಬೆಳಕು ಮರಳುವಾಗ ಹುಟ್ಟುವಂಥದ್ದು. ಕೋನ ಬದಲಾದರೆ ಬಣ್ಣವೂ ಬದಲು. ಸೋಮ ವಾಲಿದರೆ ಹಸಿರು ನೀಲಿಯಾಗುತ್ತದೆ, ಇನ್ನಷ್ಟು ತಿರುಗಿದರೆ ಬರೀ ಕಂದು ಉಳಿಯುತ್ತದೆ. ಪಂಜಿನ ಬೆಳಕಿದ್ದರಂತೂ ಜ್ವಾಲೆ ಓಲಾಡಿದಂತೆ ಹುಬ್ಬಿನ ಕೆಳಗಿನ ನೆರಳು ಹಿಗ್ಗಿ ಕುಗ್ಗಿ, ಮರದ ಕಣ್ಣು ಗುಡ್ಡೆ ಹೊರಳಿಸಿದ ಹಾಗೆ ಕಾಣುತ್ತದೆ.

ಹೀಗೆ ಚಲನೆಯಿಂದಲೇ ಜೀವ ತಳೆಯುವ ಕಲಾಕೃತಿಗಳನ್ನೇ ಒಟ್ಟುಗೂಡಿಸಿ ಪ್ಯಾರಿಸ್ಸಿನ ಗ್ಯಾಲರಿಯೊಂದು 1955ರಲ್ಲಿ ಪ್ರದರ್ಶನ ಮಾಡಿತು. ಅಲೆಕ್ಸಾಂಡರ್ ಕಾಲ್ಡರನ ತೂಗುಶಿಲ್ಪಗಳೂ ಅಲ್ಲಿದ್ದವು. ಕಲೆಯ ಚರಿತ್ರೆಯಲ್ಲಿ ಅದು ದೊಡ್ಡ ಸುದ್ದಿ. ನಮ್ಮ ಸೋಮನಿಗೆ ಅಂಥ ಚರಿತ್ರೆಕಾರರು ಸಿಕ್ಕಿಲ್ಲ, ಸಿಕ್ಕಿದ್ದು ಗಾಜಿನ ಪೆಟ್ಟಿಗೆ. ವಸ್ತುಸಂಗ್ರಹಾಲಯದಲ್ಲಿ ಇಟ್ಟು ಕಾಪಾಡುವುದು ಬೇಡವೆಂದಲ್ಲ. ಆದರೆ ಗೋಡೆಗೆ ತಗುಲಿಸಿದ ಮುಖ ಸೋಮನ ಅರ್ಧವೂ ಅಲ್ಲ. ಜಾತ್ರೆಯಲ್ಲೂ ಈಗ ಎಲ್‌ಇಡಿ ದೀಪಗಳ ಹಾವಳಿ. ನಾಲ್ಕೂ ಕಡೆಯಿಂದ ಒಂದೇ ಸಮನೆ ಬೆಳಕು ಸುರಿದರೆ ನೆರಳಿಗೆ ಜಾಗವೆಲ್ಲಿ? ಕೆತ್ತಿದವನ ಉಳಿಯ ಕೆಲಸವೇ ಮಂಕಾಗುತ್ತದೆ.

ನೋಡುವ ಮನಸ್ಸಿದ್ದವರು ಯುಗಾದಿಯ ನಂತರ ಈ ಕಡೆ ಬನ್ನಿ. ಯಾವ ಊರಲ್ಲಿ ಎಂದು ಜಾತ್ರೆ ಅನ್ನುವುದನ್ನು ಸಂತೆಯಲ್ಲಿ ವಿಚಾರಿಸಿದರೆ ಸಾಕು, ಹೇಳುತ್ತಾರೆ. ಹೊತ್ತು ಮುಳುಗಿದ ಮೇಲೆ ಹೋಗಿ, ಸೋಮನಿಗೆ ಎದುರಾಗಿ ನಿಲ್ಲದೆ ತುಸು ಪಕ್ಕಕ್ಕೆ ನಿಂತು ನೋಡಿ. ಮೊಬೈಲಿನ ಫ್ಲ್ಯಾಶ್ ಮಾತ್ರ ಹಾಕಬೇಡಿ.